ಪಂಚ್‌ಗೆ ವೇಗ ಬೇಕೆ? ಮೊದಲು ಭುಜ ಸಡಿಲ ಬಿಡಿ

ಬಾಕ್ಸಿಂಗ್‌ನಲ್ಲಿ ವೇಗವಾಗಿ ಹೊಡೆಯಬೇಕೆಂದು ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಹೊಡೆದರೆ ಪಂಚ್ ನಿಧಾನವಾಗುತ್ತದೆ. ತೋಳು ಚಾಚುವುದು ರಟ್ಟೆಯ ಹಿಂಬದಿಯ ಸ್ನಾಯು. ಮುಂಬದಿಯದೂ ಬಿಗಿದುಕೊಂಡಿದ್ದರೆ ಹೋಗುವ ಕೈಯನ್ನು ಅದು ಹಿಂದಕ್ಕೆ ಜಗ್ಗುತ್ತಿರುತ್ತದೆ. ಹಾಗಾಗಿ ವೇಗದ ಅಭ್ಯಾಸ ಶುರುವಾಗುವುದೇ ಸಡಿಲತೆಯಿಂದ.

ಮೊದಲು ಸ್ಕಿಪ್ಪಿಂಗ್: 2 ನಿಮಿಷದ 3 ಸುತ್ತು, ನಡುವೆ 1 ನಿಮಿಷ ಬಿಡುವು. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಹಿಡಿಗಳು ಕಂಕುಳಿನವರೆಗೆ ಬರಬೇಕು. ತಿರುಗಬೇಕಾದ್ದು ಮಣಿಕಟ್ಟು, ತೋಳಲ್ಲ. ಹಗ್ಗ ನುಸುಳುವಷ್ಟು ಹಾರಿದರೆ ಸಾಕು.

ಆಮೇಲೆ ಕನ್ನಡಿಯ ಮುಂದೆ ಬರೀ ಜ್ಯಾಬ್, ಅಂದರೆ ಮುಂದಿರುವ ಕೈಯ ನೇರ ಪಂಚ್. ಮುಷ್ಟಿ ಗದ್ದದ ಪಕ್ಕದಿಂದಲೇ ನೇರವಾಗಿ ಹೊರಡಲಿ, ಮೊಣಕೈ ಕೆಳಮುಖವಾಗಿರಲಿ. ಬೆರಳು ಸಡಿಲ; ತಾಗುವ ಕ್ಷಣಕ್ಕೆ ಮಾತ್ರ ಮುಷ್ಟಿ ಬಿಗಿಯಬೇಕು. ಹೋದ ದಾರಿಯಲ್ಲೇ ಕೈ ಕೆನ್ನೆಗೆ ವಾಪಸಾಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಕೈ ಎದೆಯ ಮಟ್ಟಕ್ಕೆ ಜಾರುತ್ತದೆ, ಮುಂದಿನ ಪಂಚ್ ಅಲ್ಲಿಂದ ಮೇಲೇರಿ ಬರಬೇಕಾಗುತ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ನೋಡಿ. ಮುಷ್ಟಿಗಿಂತ ಮೊದಲೇ ಮೊಣಕೈ ಹೊರಕ್ಕೆ ಹೊರಳಿದರೆ, ಇಲ್ಲವೇ ಭುಜ ಕುಣಿದರೆ, ಎದುರಾಳಿಗೆ ಸುಳಿವು ಸಿಕ್ಕಿತೆಂದೇ ಅರ್ಥ. ಗಾಳಿಯಲ್ಲಿ ಹೊಡೆಯುವಾಗ ಮೊಣಕೈಯನ್ನು ಪೂರ್ತಿ ಚಾಚಿ ಜಗ್ಗಬೇಡಿ, ಕೀಲು ನೋಯುತ್ತದೆ.

ಇನ್ನು ಅಸಲಿ ಕೆಲಸ. ಕೈಗೆ ಪಟ್ಟಿ ಸುತ್ತಿ, ಗ್ಲೌಸ್ ಹಾಕಿ, ಹೆವಿ ಬ್ಯಾಗ್ (ತೂಗುಹಾಕಿದ ಭಾರದ ಚೀಲ) ಮೇಲೆ 10 ಸೆಕೆಂಡ್ ಜ್ಯಾಬ್-ಕ್ರಾಸ್ (ಜ್ಯಾಬ್, ಹಿಂದೆಯೇ ಹಿಂದಿನ ಕೈಯ ನೇರ ಪಂಚ್), ಆದಷ್ಟೂ ವೇಗವಾಗಿ. ನಂತರ 50 ಸೆಕೆಂಡ್ ಸುಮ್ಮನೆ ಓಡಾಡಿ. ಹೀಗೆ 6 ಸಲ. ಬ್ಯಾಗನ್ನು ತಳ್ಳಬೇಡಿ, ತಾಗಿಸಿ ಕೈ ಎಳೆದುಕೊಳ್ಳಿ. ಸ್ನಾಯುವಿನ ತಕ್ಷಣದ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಸೆಕೆಂಡಿಗೆ ಮುಗಿಯುವುದರಿಂದ ಬಿಡುವನ್ನು ಕಡಿಮೆ ಮಾಡಬೇಡಿ. ಕೈ ಭಾರವಾಯಿತೆನಿಸಿದರೆ 4ನೇ ಸಲಕ್ಕೇ ನಿಲ್ಲಿಸಿ. ದಣಿದ ಮೇಲೂ ಹೊಡೆಯುತ್ತಿದ್ದರೆ ದಮ್ಮು ಹೆಚ್ಚಬಹುದು, ಆದರೆ ದೇಹ ನಿಧಾನವಾಗಿ ಹೊಡೆಯುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಈ ಕಸರತ್ತನ್ನು ದಿನದ ಅಭ್ಯಾಸದ ಕೊನೆಗೆ ಇಡಬಾರದು ಎನ್ನುವುದೂ ಇದಕ್ಕೇ.

ಕೈ ಎಷ್ಟೇ ಚುರುಕಿದ್ದರೂ ಕಣ್ಣು ಜೊತೆಗೂಡದಿದ್ದರೆ ಪಂಚ್ ತಾಗದು. ಅದಕ್ಕೆ ಡಬಲ್ ಎಂಡ್ ಬ್ಯಾಗ್, ಅಂದರೆ ಮೇಲೂ ಕೆಳಗೂ ಹಗ್ಗದಿಂದ ಕಟ್ಟಿದ ಚೆಂಡು. ಚೆಂಡನ್ನು ನಿಮ್ಮ ಗದ್ದದ ಎತ್ತರಕ್ಕೆ ಕಟ್ಟಿ, 2 ನಿಮಿಷದ 3 ಸುತ್ತು ಆಡಿ. ಹಗ್ಗ ಬಿಗಿಯಾದಷ್ಟೂ ಚೆಂಡು ಬೇಗ ಮರಳುತ್ತದೆ, ಆದ್ದರಿಂದ ಹೊಸಬರು ಸಡಿಲ ಹಗ್ಗದಿಂದ ಶುರುಮಾಡಲಿ.

ಡಂಬೆಲ್ ಹಿಡಿದು ಗಾಳಿಗೆ ಗುದ್ದುವುದನ್ನು ನಾವು ಒಪ್ಪುವುದಿಲ್ಲ. ಅದರ ಭಾರ ಕೆಳಕ್ಕೆ ಎಳೆಯುತ್ತದೆ, ಪಂಚ್ ಹೋಗುವುದು ಮುಂದಕ್ಕೆ. ಭುಜ ಸೋಲುತ್ತದೆ, ಪಂಚ್‌ನ ದಾರಿಯೂ ಕೆಡುತ್ತದೆ. ಬದಲಿಗೆ 2-3 ಕೆ.ಜಿ. ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಹಿಂಗಾಲು ಒತ್ತಿ, ಸೊಂಟ ತಿರುಗಿಸಿ ಗೋಡೆಗೆ ಎಸೆಯಿರಿ: ಪ್ರತಿ ಬದಿಗೆ 5ರಂತೆ 3 ಸೆಟ್.

ವಾರಕ್ಕೆ 3 ದಿನ ಸಾಕು, ನಡುವೆ ಒಂದೊಂದು ದಿನ ಬಿಡಿ. ಎರಡು ವಾರಕ್ಕೊಮ್ಮೆ 10 ಸೆಕೆಂಡಿನ ವಿಡಿಯೊ ತೆಗೆದು ಪಂಚ್ ಎಣಿಸಿ. ಕೆನ್ನೆಗೆ ಮರಳದ ಕೈಯನ್ನು ಲೆಕ್ಕಕ್ಕೆ ಹಿಡಿಯಬೇಡಿ.