ಪಂಚಾಯ್ತಿ ಮೆಂಬರ್ ಆಗಿ ಕೈ ಕ್ಲೀನ್ ಇಟ್ಕೊಂಡಿದ್ದು ಹೇಗೆ - ನನ್ನ ಅನುಭವ

2020ರ ಡಿಸೆಂಬರ್ ಎಲೆಕ್ಷನ್‌ನಲ್ಲಿ ಗೆದ್ದು ಗ್ರಾಮ ಪಂಚಾಯ್ತಿ ಮೆಂಬರ್ ಆದೆ. ಆಗ್ಲಿಂದ ಎಲ್ರೂ ಕೇಳೋದು ಒಂದೇ, "ಎಷ್ಟು ಮಾಡ್ಕೊಂಡ್ರಿ?" ಏನೂ ಇಲ್ಲ ಅಂದ್ರೆ ಅರ್ಧ ಜನ ನಂಬಲ್ಲ, ನಂಬಿದವ್ರು ಸತ್ಯಹರಿಶ್ಚಂದ್ರನ್ನ ನೋಡ್ದಂಗೆ ನೋಡ್ತಾರೆ. ಎರಡೂ ಅಲ್ಲ. ಗೌರವಧನ ಮೊದ್ಲು ತಿಂಗಳಿಗೆ 1000 ಇತ್ತು ಆಮೇಲೆ 2000 ಆಯ್ತು, ಎಲೆಕ್ಷನ್‌ಗೆ ಸಾಲ ಮಾಡಿದವ್ನಿಗೆ ಅದು ಬಡ್ಡಿಗೂ ಸಾಲಲ್ಲ, ಆಸೆ ಯಾರಿಗಿಲ್ಲ ಹೇಳಿ.

ನಾನು ಮಾಡಿದ್ದು ಇಷ್ಟೇ, ಬಸವ ವಸತಿ ಯೋಜನೇಲಿ (ಮನೆ ಇಲ್ದೋರಿಗೆ ಸರ್ಕಾರದ ಮನೆ) ಲಿಸ್ಟ್ ಬಂದಾಗ ವಾರ್ಡ್ ಸಭೆನ ನಿಜವಾಗ್ಲೂ ಮಾಡ್ದೆ. ನಗಬೇಡಿ, ಎಷ್ಟೋ ಕಡೆ ಸಭೆ ನಡೆಯೋದು ಪುಸ್ತಕದಲ್ಲಿ, ಮನೆ ಮನೆಗೆ ಹೋಗಿ ಸೈನ್ ಹಾಕಿಸ್ಕೊಂಡು ಬರ್ತಾರೆ. ನಾನು ಅರಳಿಕಟ್ಟೆ ಹತ್ರ ಜನ ಸೇರಿಸಿ ಒಂದೊಂದೇ ಹೆಸ್ರು ಜೋರಾಗಿ ಓದ್ದೆ. ನಮ್ಮ ದೊಡ್ಡಪ್ಪನ ಮಗನ ಹೆಸ್ರು ಬಂತು ನೋಡಿ, ಹಿಂದೆ ನಿಂತಿದ್ದ ಅಜ್ಜಿ ಒಬ್ರು "ಅವ್ನಿಗೆ ತಾರಸಿ ಮನೆ ಐತಲ್ಲಪ್ಪ, ಮ್ಯಾಲೆ ಇನ್ನೊಂದು ಕಟ್ತಾನಾ" ಅಂದ್ಬಿಟ್ರು. ಹೆಸ್ರು ಹೋಯ್ತು. ದೊಡ್ಡಮ್ಮ ಈಗ್ಲೂ ನಮ್ಮನೆ ಕಡೆ ತಲೆ ಹಾಕಲ್ಲ, ಆದ್ರೆ ಅಣ್ಣನಿಗೆ "ಜನ ಒಪ್ಲಿಲ್ಲ ಕಣಣ್ಣ" ಅಂತ ಹೇಳಕ್ಕೆ ನಂಗೊಂದು ನೆಪ ಸಿಕ್ತು. ನೆಟ್ಟಗಿರ್ಬೇಕು ಅನ್ನೋರಿಗೆ ಸಂಬಂಧಿಕರ ಮುಂದೆ ಹಿಂಗೊಂದು ನೆಪ ಬೇಕೇ ಬೇಕು, ಇದನ್ನ ಯಾರೂ ಹೇಳ್ಕೊಡಲ್ಲ.

ಬೇರೆಯವ್ರನ್ನೂ ನೋಡ್ದೆ. ನಮ್ಮ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂಗೆ ಆಡಿಟ್ ಭಯ, ಆಕ್ಷೇಪಣೆ ಬಿದ್ರೆ ರಿಟೈರ್ ಆಗೋವರೆಗೂ ಬಿಡಲ್ಲ ಅಂತಾರೆ. ಇನ್ನೊಬ್ಬ ಮೆಂಬರ್‌ಗೆ ಧರ್ಮಸ್ಥಳದ ಮಂಜುನಾಥಸ್ವಾಮಿ ಭಯ. (ಅದೇ ಸ್ವಾಮಿ ಮೇಲೆ ಆಣೆ ಹಾಕಿಸ್ಕೊಂಡು ಓಟಿಗೆ ದುಡ್ಡು ಹಂಚೋರೂ ಇದಾರೆ, ಈಸ್ಕೊಂಡೋರು ಆಣೆ ಮುರಿಯಲ್ಲ, ಇದನ್ನ ನೀತಿ ಅನ್ನೋದಾ ಏನನ್ನೋದಾ ನಂಗೆ ಗೊತ್ತಿಲ್ಲ.)

ವಿಚಿತ್ರ ಏನಂದ್ರೆ ವಿಧವಾ ವೇತನ ಮಾಡಿಸ್ಕೊಟ್ಟು ಒಂದು ಟೀನೂ ಕುಡಿಯದ ಮನುಷ್ಯ ಚರಂಡಿ ಬಿಲ್ಲಲ್ಲಿ ಪರ್ಸೆಂಟೇಜ್ ಆರಾಮಾಗಿ ಈಸ್ಕೊತಾನೆ. ಕೇಳಿದ್ರೆ "ಅದು ಗೌರ್ಮೆಂಟ್ ದುಡ್ಡು ಬಿಡ್ರಿ" ಅಂತಾನೆ. ಅಲ್ಲಿ ಕಣ್ಣೀರು ಹಾಕೋರು ಯಾರೂ ಎದುರಿಗಿರಲ್ಲ ಅಲ್ವಾ. ಅದಕ್ಕೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮ ಬೀದಿ ಚರಂಡಿ ಬಂದಾಗ ಎಸ್ಟಿಮೇಟ್ ದುಡ್ಡು, ಉದ್ದ, ಅಗಲ, ಕಾಂಕ್ರೀಟ್ ಎಷ್ಟು ದಪ್ಪ ಎಲ್ಲಾನೂ ಡೈರಿ ಪಕ್ಕದ ಗೋಡೆ ಮೇಲೆ ಪೇಂಟಲ್ಲಿ ಬರೆಸ್ದೆ. ಬೆಳಿಗ್ಗೆ ಹಾಲಿನ ಕ್ಯಾನ್ ಹಿಡ್ಕೊಂಡು ಕ್ಯೂ ನಿಲ್ಲೋರಿಗೆ ಇನ್ನೇನ್ ಕೆಲ್ಸ, ಎಲ್ರೂ ಓದಿದ್ರು, ಒಬ್ಬ ಹುಡ್ಗ ಗಾರೆಯವ್ರ ಹತ್ರ ಟೇಪ್ ಈಸ್ಕೊಂಡು ಅಳೆದೇ ಬಿಟ್ಟ. ಸಾಯಂಕಾಲ ಕಂಟ್ರಾಕ್ಟರ್ ಫೋನು, "ಏನ್ ಮೆಂಬ್ರೇ, ನನ್ನ ಮರ್ಯಾದೆ ಬೀದೀಲಿ ತೆಗೀತೀರಾ?" ಕಾಂಕ್ರೀಟ್ ಮಾತ್ರ ಮಾರನೇ ದಿನದಿಂದ ಗೋಡೆ ಮೇಲೆ ಇದ್ದಷ್ಟೇ ದಪ್ಪ ಬಿತ್ತು.

ತಾಲ್ಲೂಕ್ ಪಂಚಾಯ್ತಿಗೆ ನಿಂತ್ಕೊಳ್ಳಿ ಅಂತ ಪಾರ್ಟಿಯವ್ರು ಹೇಳ್ತಿದಾರೆ. ನಮ್ಮ ಎಲೆಕ್ಷನ್‌ಗೆ ಪಾರ್ಟಿ ಚಿಹ್ನೆನೇ ಇರಲ್ಲ, ಬೈಯೋರೂ ನಮ್ಮ ಬೀದಿಯೋರೇ. ತಾಲ್ಲೂಕ್ ಪಂಚಾಯ್ತೀಲಿ ಫೈಲು ಓಡಾಡೋದು ರೂಮಿಂದ ರೂಮಿಗೆ, ಓದ್ಕೊಂಡು ಬೈಯಕ್ಕೆ ಅಜ್ಜಿ ಇರಲ್ಲ. ಅಲ್ಲೂ ನಾನು ಹಿಂಗೇ ಇರ್ತೀನಾ ಅಂತ ಎದೆ ಮುಟ್ಕೊಂಡು ಹೇಳಕ್ಕಾಗಲ್ಲ, ಅದಕ್ಕೆ ಇನ್ನೂ ಹೂಂ ಅಂದಿಲ್ಲ.