ಕಾಳಿಗೆ ಮನೆ ಹುಡುಕಿದ ಏಳು ತಿಂಗಳು

ಜನವರಿ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಆಶ್ರಯಧಾಮಕ್ಕೆ ಹೋದಾಗ, ಗೇಟಿನ ಸರಳಿಗೆ ಯಾರೋ ಒಂದು ಕಪ್ಪು ನಾಯಿಯನ್ನು ನೈಲಾನ್ ಹಗ್ಗದಿಂದ ಕಟ್ಟಿ ಹೋಗಿದ್ದರು. ಪಕ್ಕದಲ್ಲಿ ಬನ್ನಿನ ಪೊಟ್ಟಣವಿತ್ತು, ಅದನ್ನು ಬಿಚ್ಚಿಯೂ ಇರಲಿಲ್ಲ. ನಾನು ಹತ್ತಿರ ಹೋದೊಡನೆ ನಾಯಿ ಸೊಂಟವೆಲ್ಲ ಕುಣಿಯುವಂತೆ ಬಾಲ ಅಲ್ಲಾಡಿಸುತ್ತಾ ನನ್ನ ಅಂಗೈಗೆ ಮೂಗು ಒತ್ತಿತು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಸ್ಕೂಟರ್ ಹೋಯಿತು. ತಕ್ಷಣ ನನ್ನನ್ನು ಮರೆತು ಆ ಕಡೆಗೆ ತಿರುಗಿತು. ಹಗ್ಗ ಬಿಗಿಯಾಗುವಷ್ಟು ಮುಂದಕ್ಕೆ ಜಗ್ಗಿ, ಸದ್ದು ಪೂರ್ತಿ ಅಡಗುವವರೆಗೂ ಕಿವಿ ನಿಮಿರಿಸಿಕೊಂಡು ನಿಂತೇ ಇತ್ತು.

ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಬೆಳಗಿನ ಜಾವ ಬಂದು ಕಟ್ಟಿ ಹೋದವರನ್ನು ಎಲ್ಲಿಂದ ಹುಡುಕುವುದು? ಒಳಗೆ ಕರೆದುಕೊಂಡೆವು.

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಇತಿಹಾಸದ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಭಾನುವಾರಗಳನ್ನು ಊರಿನ ಹೊರಗಿನ ಈ ಆಶ್ರಯಧಾಮಕ್ಕೆ ಕೊಟ್ಟಿದ್ದೇನೆ. ಇಲ್ಲಿನ ನಾಯಿಗಳಿಗೆ ಮನೆ ಹುಡುಕುವುದು ನನ್ನ ಪಾಲಿನ ಕೆಲಸ. ಹೊಸದಾಗಿ ಬಂದವಳಿಗೆ ಕಾಳಿ ಎಂದು ಹೆಸರಿಟ್ಟದ್ದೂ ನಾನೇ. ಬಣ್ಣ ಕಪ್ಪು ಎನ್ನುವುದೊಂದೇ ಅದಕ್ಕೆ ಕಾರಣವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 10ನೇ ಶತಮಾನದ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವ ಕಥೆ ಇದು: ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ಯೋಧ ತೋರಿದ ಶೌರ್ಯಕ್ಕೆ ಮೆಚ್ಚಿ ಗಂಗರ ಅರಸ ಬೂತುಗ ಬೇಕಾದ್ದನ್ನು ಕೇಳು ಎಂದಾಗ, ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಈ ಪಾಠ ಮಾಡುವಾಗ ಪ್ರತಿವರ್ಷವೂ ನನ್ನ ಗಂಟಲು ಕಟ್ಟುತ್ತದೆ. ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಬೇಡಿ ಪಡೆದ ನಾಯಿಯ ಹೆಸರು, ಬೇಡವೆಂದು ಕಟ್ಟಿ ಹೋದ ಈ ನಾಯಿಗೂ ಇರಲಿ ಎನ್ನಿಸಿತು.

ಮೊದಲ ಕೆಲಸ ಆರೋಗ್ಯದ್ದು. ಹಲ್ಲು ನೋಡಿದ ವೈದ್ಯರು ಮೂರ್ನಾಲ್ಕು ವರ್ಷವಿರಬಹುದು ಎಂದರು. ಕಿವಿಯ ಒಳಮಡಿಕೆಗಳಲ್ಲಿ, ಕಾಲ್ಬೆರಳ ಸಂದುಗಳಲ್ಲಿ ಉಣ್ಣೆಗಳು ಹರಳುಬೀಜದ ಹಾಗೆ ಉಬ್ಬಿ ಕಚ್ಚಿಕೊಂಡಿದ್ದವು. ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಹಜ. ಇವಳಿಗೆ 104 ಇತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ತೀರಾ ಕೆಳಗಿಳಿದಿತ್ತು, ಉಣ್ಣೆ ಜ್ವರವೆಂದು ವೈದ್ಯರು ಹೇಳಿದರು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರು. ಮನೆಗಳಲ್ಲಿ ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಡುವುದು ರೂಢಿ. ಈ ಮಾತ್ರೆಯನ್ನು ಮಾತ್ರ ಹಾಗೆ ಕೊಡಬೇಡಿ. ಹಾಲು ಮೊಸರಿನಲ್ಲಿರುವ ಕ್ಯಾಲ್ಸಿಯಂ ಈ ಔಷಧವನ್ನು ಮೈಗೆ ಸರಿಯಾಗಿ ಹಿಡಿಯಲು ಬಿಡುವುದಿಲ್ಲ. ನಾವು ಬೇಯಿಸಿದ ಮೊಟ್ಟೆಯೊಳಗೆ ಅಡಗಿಸಿ ಕೊಟ್ಟೆವು. ಜ್ವರ ಬಿಟ್ಟ ಮೇಲೆ ರೇಬಿಸ್ ಲಸಿಕೆ, ಜಂತುಹುಳುವಿನ ಮಾತ್ರೆ, ಚೇತರಿಸಿಕೊಂಡ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಎಂದೊಡನೆ ‘ಬೇಡ, ಮರಿ ಹಾಕುತ್ತದೆ’ ಎನ್ನುವವರೇ ಹೆಚ್ಚು. ಶಸ್ತ್ರಚಿಕಿತ್ಸೆ ಮುಗಿದ ಚೀಟಿ ಕೈಯಲ್ಲಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇಷ್ಟಾಗುವ ಹೊತ್ತಿಗೆ ಏಪ್ರಿಲ್ ಬಂತು. ನಾನು ಒಂದು ಚಿತ್ರ ತೆಗೆದು ಕೆಳಗೆ ನಾಲ್ಕು ಸಾಲು ಬರೆದೆ: ‘ಕಾಳಿ, ತುಂಬಾ ಸ್ನೇಹದ ನಾಯಿ. ಪಾಪ, ಯಾರೋ ಬಿಟ್ಟು ಹೋಗಿದ್ದಾರೆ. ಎಲ್ಲರೊಡನೆ ಹೊಂದಿಕೊಳ್ಳುತ್ತಾಳೆ. ದಯವಿಟ್ಟು ಒಂದು ಮನೆ ಕೊಡಿ.’ ಅಷ್ಟು ವರ್ಷಗಳ ಅನುಭವವಿದ್ದೂ ಹೀಗೆ ಬರೆದೆ ಎನ್ನುವುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಏಕೆಂದರೆ ಅದನ್ನು ಓದಿ ಬಂದವರು ಮರುಕದಿಂದಲೇ ಬಂದರು, ಮತ್ತು ಮರುಕದಿಂದಲೇ ಕರೆದುಕೊಂಡು ಹೋದರು.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೂರನೆಯ ಮಹಡಿಯ ಫ್ಲಾಟು. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಕಾಳಿ ಮೊದಲ ಭೇಟಿಯಲ್ಲೇ ಅವರ ಮಡಿಲಿಗೆ ತಲೆ ಇಟ್ಟಳು, ಅವರ ಕಣ್ಣು ತುಂಬಿತು, ನಾನೂ ಹೆಚ್ಚು ಕೇಳಲು ಹೋಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿದರೆ ತೆಗೆಯುವುದು ಸಂಜೆ ಆರೂವರೆಗೆ. ಕೆಳಗೆ ಸ್ಕೂಟರ್ ಹೋದಾಗಲೆಲ್ಲ ಬೊಗಳಿದಳು, ಬಾಗಿಲ ಚೌಕಟ್ಟನ್ನು ಕಡಿದಳು, ಉಗುರು ಕಿತ್ತು ರಕ್ತ ಬರುವವರೆಗೆ ಬಾಗಿಲನ್ನು ಕೆರೆದಳು. ಸಾಕುನಾಯಿಯನ್ನು ಇಟ್ಟುಕೊಳ್ಳಬಾರದೆಂದು ನಿವಾಸಿಗಳ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಟ್ಟಡದ ಸಂಘ ತಕರಾರು ಮಾಡಿದರೆ ಇರಲಿ ಎಂದು ಅದನ್ನು ಅವರಿಗೆ ಓದಿಯೂ ಹೇಳಿದೆ. ಆದರೆ ಬೀಗ ಹಾಕಿದ ಬಾಗಿಲ ಹಿಂದಿನ ಸಂಕಟಕ್ಕೆ ಯಾವ ಮಾರ್ಗಸೂಚಿ ಏನು ಮಾಡೀತು? ಹತ್ತೊಂಬತ್ತನೆಯ ದಿನ ಕಾಳಿ ವಾಪಸು ಬಂದಳು. ಆಕೆ ಅಳುತ್ತಿದ್ದರು. ಕಾಳಿ ಅವರು ಹೊರಟ ದಾರಿಯನ್ನೇ ನೋಡುತ್ತಾ ಗೇಟಿನ ಬಳಿ ಕುಳಿತಳು. ಎರಡು ದಿನ ಅನ್ನ ಮುಟ್ಟಲಿಲ್ಲ.

ತಪ್ಪು ಅವರದಲ್ಲ, ನನ್ನದು. ನಾನು ಅವರಿಗೆ ಕೊಟ್ಟಿದ್ದು ‘ಸ್ನೇಹದ ನಾಯಿ’ ಎಂಬ ಎರಡು ಪದಗಳನ್ನು. ಈ ನಾಯಿ ಏನೆಂದು ನನಗೇ ತಿಳಿದಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡೆ. ಬೇಸಿಗೆ ರಜೆ ಇನ್ನೂ ಉಳಿದಿತ್ತು. ಹತ್ತು ದಿನ ಬೆಳಿಗ್ಗೆ ಸಂಜೆ ಹೋಗಿ ಕಾಳಿಯ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಕಂಡ ಹಾಗೆ ಬರೆದೆ. ನಾಯಿಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಓದು ಬರಹ ಹೆಚ್ಚಿಲ್ಲ. ‘ಅಮ್ಮಾ, ಅವಳು ಜನರನ್ನು ಬಯಸುವುದಲ್ಲ, ಒಬ್ಬರನ್ನು ಬಯಸುತ್ತಾಳೆ, ನೋಡಿ’ ಎಂದವರು ಅವರೇ. ಗಮನಿಸಿದೆ, ನಿಜವಾಗಿತ್ತು. ಹತ್ತು ಜನ ಬಂದರೆ ಹತ್ತು ಜನರಿಗೂ ಬಾಲ ಅಲ್ಲಾಡಿಸುತ್ತಾಳೆ. ಕೊನೆಗೆ ಕುಳಿತು ಕೆಲಸ ಮಾಡುತ್ತಿರುವ ಒಬ್ಬರನ್ನು ಹುಡುಕಿ, ಅವರ ಪಾದಕ್ಕೆ ಬೆನ್ನು ತಾಗಿಸಿ ಮಲಗುತ್ತಾಳೆ. ಅವರು ಎದ್ದರೆ ಎದ್ದಳು, ಕುಳಿತರೆ ಕುಳಿತಳು.

‘ಎಲ್ಲರೊಡನೆ ಹೊಂದಿಕೊಳ್ಳುತ್ತಾಳೆ’ ಎಂದು ಬರೆದಿದ್ದೆನಲ್ಲ, ಮಕ್ಕಳ ವಿಷಯದಲ್ಲಿ ಅದನ್ನೂ ಹತ್ತಿರದಿಂದ ನೋಡಿದೆ. ಸಂದರ್ಶಕರೊಬ್ಬರ ನಾಲ್ಕು ವರ್ಷದ ಮಗು ಅವಳ ಕೊರಳು ತಬ್ಬಿತು. ಕಾಳಿ ಗುರುಗುಟ್ಟಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿದಳು, ಎರಡು ಸಲ ತುಟಿ ನೆಕ್ಕಿಕೊಂಡಳು, ಒಮ್ಮೆ ಆಕಳಿಸಿದಳು, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಕಂಡಿತು. ನೋಡುವವರಿಗೆ ನಾಯಿ ಎಷ್ಟು ಸಾಧು ಎನ್ನಿಸುವ ಗಳಿಗೆ ಅದು. ನಿಜಕ್ಕೂ ನಾಯಿ ‘ಸಾಕು, ಬಿಡು’ ಎಂದು ನಾಲ್ಕು ರೀತಿಯಲ್ಲಿ ಹೇಳಿತ್ತು. ಈ ಮಾತು ಕೇಳಿಸದೆ ಹೋದಾಗಲೇ ಎಷ್ಟೋ ಸಾಧು ನಾಯಿಗಳು ಒಂದು ದಿನ ಕಚ್ಚಿ, ಜೀವನಪೂರ್ತಿ ‘ಕಚ್ಚುವ ನಾಯಿ’ ಎನ್ನಿಸಿಕೊಳ್ಳುತ್ತವೆ. ಮಗುವನ್ನು ಮೆಲ್ಲನೆ ಬಿಡಿಸಿ, ಪುಸ್ತಕದಲ್ಲಿ ಬರೆದೆ: ತೀರಾ ಚಿಕ್ಕ ಮಕ್ಕಳ ಮನೆ ಬೇಡ, ಎಂಟು ಹತ್ತು ವರ್ಷದ ಮೇಲಿನವರಾದರೆ ತೊಂದರೆಯಿಲ್ಲ.

ಇನ್ನೂ ಬರೆದದ್ದು: ಗುಡುಗಿಗೆ ನಡುಗುತ್ತಾಳೆ, ಮೂಲೆ ಸೇರುತ್ತಾಳೆ. ಬೆಕ್ಕಿನ ಗೊಡವೆಗೆ ಹೋಗುವುದಿಲ್ಲ, ಕೋಳಿ ಕಂಡರೆ ಬಿಡುವುದಿಲ್ಲ. ತಟ್ಟೆಗೆ ಕೈ ಹಾಕಿದರೆ ಸುಮ್ಮನೆ ಹಿಂದೆ ಸರಿಯುತ್ತಾಳೆ. ಮಲಮೂತ್ರಕ್ಕೆ ಹೊರಗೆ ಕರೆದೊಯ್ಯುವವರೆಗೂ ಕಾಯುತ್ತಾಳೆ. ಒಬ್ಬಳೇ ಒಂದು ಗಂಟೆ ಇರಬಲ್ಲಳು, ಅದಕ್ಕಿಂತ ಹೆಚ್ಚಾದರೆ ಗಾಬರಿ.

ಈ ಸಲ ಬರಹದಲ್ಲಿ ಪಾಪ ಎಂಬ ಪದ ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಬರೆದೆ, ಗುಡುಗಿನ ಭಯವನ್ನೂ ಬಾಗಿಲು ಕಡಿದದ್ದನ್ನೂ. ‘ಹಗಲೆಲ್ಲ ಮನೆಯಲ್ಲೇ ಇದ್ದು ಕೆಲಸ ಮಾಡುವ ಒಬ್ಬರ ಕಾಲ ಬುಡದಲ್ಲಿ ಜಾಗ ಬೇಕು’ ಎನ್ನುವುದು ಮೊದಲ ಸಾಲು. ಹೀಗೆ ಬರೆದರೆ ಯಾರೂ ಬರುವುದಿಲ್ಲ ಎಂದು ಜೊತೆಯವರು ಹೇಳಿದರು. ಕಡಿಮೆ ಜನ ಬಂದರು, ನಿಜ. ಅದೇ ನನಗೆ ಬೇಕಾಗಿತ್ತು.

ಚಿತ್ರವನ್ನೂ ಮತ್ತೆ ತೆಗೆದೆ. ಕಪ್ಪು ನಾಯಿಯನ್ನು ಬಿಸಿಲಲ್ಲಿ ನಿಲ್ಲಿಸಿ ನಿಂತ ಎತ್ತರದಿಂದ ತೆಗೆದರೆ ಕಣ್ಣು ಮೂಗು ಒಂದೂ ಕಾಣದೆ ಬರೀ ಕಪ್ಪು ಮುದ್ದೆಯಾಗುತ್ತದೆ. ಸಂಜೆ ಐದೂವರೆಯ ಇಳಿಬಿಸಿಲು, ಫ್ಲಾಶ್ ಬೇಡ, ನಾವು ನೆಲಕ್ಕೆ ಕುಳಿತು ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ಕೊರಳಿಗೆ ಒಂದು ಕೆಂಪು ಬಟ್ಟೆ ಸುತ್ತಿದೆ. ಅವಳ ಕಣ್ಣು ಜೇನಿನ ಬಣ್ಣದ್ದು ಎಂದು ನನಗೂ ಆಗಲೇ ತಿಳಿದದ್ದು.

ಬಂದವರಲ್ಲಿ ಕೆಲವರು ‘ಯಾವ ಜಾತಿ?’ ಎಂದು ಕೇಳಿ ನಾಟಿ ಎಂದೊಡನೆ ಹೊರಟರು. ಒಬ್ಬರು ಶನಿದೋಷಕ್ಕೆ ಕಪ್ಪು ನಾಯಿ ಸಾಕಲು ಜ್ಯೋತಿಷಿ ಹೇಳಿದ್ದಾರೆ, ಇವತ್ತೇ ಕೊಡಿ ಎಂದರು. ಅವರ ನಂಬಿಕೆಯನ್ನು ನಾನು ಪ್ರಶ್ನಿಸಲಿಲ್ಲ. ‘ದೋಷ ಕಳೆದ ಮೇಲೆ ಇವಳು ಎಲ್ಲಿರುತ್ತಾಳೆ?’ ಎಂದಷ್ಟೇ ಕೇಳಿದೆ. ಅವರು ಪ್ರಾಮಾಣಿಕರು, ಯೋಚಿಸಿ, ಅದನ್ನು ಹೇಳಲಾರೆ ಎಂದರು. ಕಾಳಿಗೆ ಬಂದು ಊಟ ಹಾಕಿ ಹೋಗಿ ಎಂದೆ. ಒಂದೂವರೆ ತಿಂಗಳು ಪ್ರತಿ ಶನಿವಾರ ಬಂದು ಎಲ್ಲ ನಾಯಿಗಳಿಗೂ ಊಟ ತಂದರು.

ಆಗಸ್ಟ್ ಮೊದಲ ವಾರ ಕುವೆಂಪುನಗರದಿಂದ ಒಬ್ಬರು ಫೋನ್ ಮಾಡಿದರು. ಮನೆಯಲ್ಲೇ ರವಿಕೆ ಹೊಲಿಯುವವರು, ಐವತ್ತೈದರ ಆಸುಪಾಸು, ಕಾಲೇಜಿಗೆ ಹೋಗುವ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ. ‘ಮೇಡಂ, ನಾನು ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ಕುಳಿತೇ ಇರುತ್ತೇನೆ. ನಿಮ್ಮ ನಾಯಿಗೆ ಕಾಲ ಬುಡ ಬೇಕು ಎಂದು ಬರೆದಿದ್ದೀರಲ್ಲ, ನನ್ನ ಕಾಲ ಬುಡ ಖಾಲಿ ಇದೆ’ ಎಂದರು. ಫೋನ್ ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೂ ಈ ಸಲ ಆತುರಪಡಲಿಲ್ಲ. ಎರಡು ಭಾನುವಾರ ಅವರೇ ಬಂದು ಕಾಳಿಯನ್ನು ತಿರುಗಾಡಿಸಿದರು. ಆಮೇಲೆ ನಾನು ಅವರ ಮನೆಗೆ ಹೋದೆ. ಗೇಟಿನ ಕೆಳಗಿನ ಸಂದಿನಲ್ಲಿ ತಲೆ ತೂರಬಹುದಾಗಿತ್ತು, ಹಲಗೆ ಕಟ್ಟಿಸಲು ಹೇಳಿದೆ. ಮನೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆದೆ. ಬಾಯಿಮಾತಿನ ಒಪ್ಪಿಗೆ ಆರು ತಿಂಗಳಿಗೆ ಕರಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹೊಲಿಗೆ ಕೋಣೆಯ ನೆಲದಲ್ಲಿ ಸೂಜಿ, ಗುಂಡುಪಿನ್ನು ಬಿದ್ದಿರುತ್ತವಲ್ಲ ಎಂದಾಗ, ಮಗಳು ಅಯಸ್ಕಾಂತ ಕಟ್ಟಿದ ಕೋಲೊಂದನ್ನು ತಂದು ತೋರಿಸಿದಳು. ದಿನಕ್ಕೆರಡು ಸಲ ನೆಲದ ಮೇಲೆ ಆಡಿಸುತ್ತಾರಂತೆ. ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ ಎಂದರು. ಸಾಕಾಗುತ್ತದೆ. ಆದರೆ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಹುಳಿ ಸಾರು ಕಲಸಿದ ಅನ್ನ ಹಾಕಬೇಡಿ ಎಂದು ಹೇಳಿದೆ. ಆಶ್ರಯಧಾಮದಲ್ಲಿ ಕೊಡುತ್ತಿದ್ದ ಊಟವನ್ನೇ ಮೊದಲ ವಾರ ಮುಂದುವರಿಸಿದರೆ ಹೊಟ್ಟೆ ಕೆಡುವುದಿಲ್ಲ.

ಆಗಸ್ಟ್ ಕೊನೆಯಲ್ಲಿ ಆಟೊದಲ್ಲಿ ಕರೆದೊಯ್ದೆ. ಕಾಳಿ ಮಲಗುತ್ತಿದ್ದ ಗೋಣಿಚೀಲವನ್ನು ಒಗೆಯದೆ ಹಾಗೆಯೇ ತೆಗೆದುಕೊಂಡೆವು, ಹೊಸ ಮನೆಯಲ್ಲಿ ತನ್ನದೇ ವಾಸನೆ ಒಂದಾದರೂ ಇರಲೆಂದು. ಕೊರಳ ಪಟ್ಟಿ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ. ಅದರ ಮೇಲೆ ಫೋನ್ ನಂಬರಿನ ಬಿಲ್ಲೆ. ಮೊದಲ ಕೆಲವು ವಾರ ತಿರುಗಾಡಿಸುವಾಗ ಕೊರಳಿಗೊಂದು ಎದೆಗೊಂದು ಎಂದು ಎರಡು ಪಟ್ಟಿ. ಹೊಸ ಮನೆಗೆ ಹೋದ ನಾಯಿಗಳು ಮೊದಲ ದಿನಗಳಲ್ಲೇ ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ಮೂರು ದಿನ ನೆಂಟರಿಷ್ಟರಿಗೆ ತೋರಿಸಬೇಡಿ, ಸ್ನಾನ ಮಾಡಿಸಬೇಡಿ ಎಂದು ಕೇಳಿಕೊಂಡೆ. ಮೂರು ದಿನ ದಿಗಿಲು, ಮೂರು ವಾರ ಪರಿಚಯ, ಮೂರು ತಿಂಗಳಿಗೆ ತನ್ನ ಮನೆ ಎನ್ನುವುದು ನಮ್ಮ ಸ್ಥೂಲ ಲೆಕ್ಕ.

ಎರಡನೆಯ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಎದೆ ಧಸಕ್ಕೆಂದಿತು. ‘ಊಟ ಮಾಡಿಲ್ಲ ಮೇಡಂ, ಬಾಗಿಲ ಹತ್ತಿರವೇ ಕೂತಿದ್ದಾಳೆ’ ಎಂದರು. ಅವಳನ್ನು ಕರೆಯಬೇಡಿ, ನೀವು ಮೆಷಿನ್ ಮುಂದೆ ಕುಳಿತು ಹೊಲಿಯಿರಿ ಎಂದೆ. ಆ ಹೊತ್ತಿನಲ್ಲಿ ಅವರು ಮರುದಿನದ ರವಿಕೆಯೊಂದನ್ನು ಎತ್ತಿಕೊಂಡು ಕುಳಿತರಂತೆ. ಅರ್ಧ ಗಂಟೆಗೆ ಕಾಳಿ ಎದ್ದು ಬಂದು, ತುಳಿಯುವ ಹಲಗೆಯ ಪಕ್ಕ ಅವರ ಎಡಪಾದಕ್ಕೆ ಬೆನ್ನು ಕೊಟ್ಟು ಮಲಗಿದಳು.

ದೀಪಾವಳಿಯ ಮೂರು ಸಂಜೆ ಕಿಟಕಿಗೆ ಹಳೆಯ ಕಂಬಳಿ ಕಟ್ಟಿ, ಬೆಳಕಿರುವಾಗಲೇ ತಿರುಗಾಡಿಸಿ ತಂದು, ತಾಯಿ ಮಗಳು ಸರದಿಯ ಮೇಲೆ ಮೆಷಿನ್ ತುಳಿದರು. ಹೊಲಿಯುವುದಕ್ಕೆ ಬಟ್ಟೆ ಇಲ್ಲದಿದ್ದಾಗಲೂ ಬರೀ ತುಳಿದರಂತೆ. ಕಾಳಿ ನಡುಗಿದಳು, ಆದರೆ ಮೂಲೆ ಸೇರಲಿಲ್ಲ.

ಈ ಜನವರಿಯ ಮೊದಲ ಭಾನುವಾರ ಹೋಗಿ ಬಂದೆ. ನನ್ನನ್ನು ಕಂಡು ಸೊಂಟ ಕುಣಿಸಿದಳು, ಕೈಗೆ ಮೂಗು ಒತ್ತಿದಳು, ಮತ್ತೆ ತನ್ನ ಜಾಗಕ್ಕೆ ಹೋಗಿ ಮಲಗಿದಳು. ಬೀದಿಯಲ್ಲಿ ಸ್ಕೂಟರ್ ಒಂದು ಹೋಯಿತು. ನಾನು ಕಾಳಿಯನ್ನೇ ನೋಡುತ್ತಿದ್ದೆ. ಒಂದು ಕಿವಿ ಎತ್ತಿದಳು, ಅಷ್ಟೇ, ಎದ್ದೇಳಲಿಲ್ಲ.

ಹೊರಡುವಾಗ ವರ್ಷದ ರೇಬಿಸ್ ಲಸಿಕೆ ಯಾವಾಗ ಎಂದು ಕೇಳಿದರು. ಕಾರ್ಡು ನೋಡಿ ಫೆಬ್ರುವರಿ 22 ಎಂದೆ. ಗೋಡೆಯ ಹೊಸ ಕ್ಯಾಲೆಂಡರಿನಲ್ಲಿ ಯಾರ ರವಿಕೆ ಯಾವ ದಿನ ಕೊಡಬೇಕೆಂದು ಪುಟ್ಟ ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾರೆ. ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಮದುವೆ ಮನೆಯವರ ಆರು ರವಿಕೆಗಳ ಕೆಳಗೆ, ಆ ದಿನದ ಚೌಕದಲ್ಲಿ ‘ಕಾಳಿ, ಸೂಜಿ’ ಎಂದು ಬರೆದರು.