ಹಿಮೋಗ್ರಾಂ ಟ್ಯೂಬಿನಲ್ಲಿ ಉಳಿದ ಅರ್ಧ ಎಂಎಲ್

ಮಿದುಳಲ್ಲಿ ರಕ್ತಸ್ರಾವವಾದ ಇಬ್ಬರು. ಹೆಪ್ಪುಗಟ್ಟಿದ ರಕ್ತದ ಗಡ್ಡೆ ಹೆಚ್ಚುಕಮ್ಮಿ ಒಂದೇ ಗಾತ್ರ, ಜಾಗವೂ ಒಂದೇ. ಮೂರನೇ ದಿನ ಒಬ್ಬರಿಗೆ ಗಡ್ಡೆಯ ಸುತ್ತ ಬಾವು ಏರಿ ಎಚ್ಚರ ತಪ್ಪುತ್ತದೆ, ಇನ್ನೊಬ್ಬರು ಕೂತು ಗಂಜಿ ಕುಡಿಯುತ್ತಾರೆ. ಇದರಲ್ಲಿ ಜೀನಿನ ಪಾಲೆಷ್ಟು ಅಂತ ಕಾರವಾರದಲ್ಲೇ ನೋಡ್ತೇನೆ ಅಂದಾಗ ಸ್ನೇಹಿತರು, ‘ಮಳೆಗಾಲದಲ್ಲಿ ಕರೆಂಟೇ ಇರಲ್ಲ ಮಾರಾಯ’ ಅಂದಿದ್ದರು. ನಾಲ್ಕು ಮಳೆಗಾಲ ಕಳೆದವು. ಸುಮಾರು 60 ಜನರ ಅಪೋ-ಇ ಜೀನ್ (ಕೊಬ್ಬು ಸಾಗಿಸುವ ಪ್ರೋಟೀನಿನದು; ಇ2, ಇ3, ಇ4 ಅಂತ ಮೂರು ರೂಪ, ಪ್ರತಿಯೊಬ್ಬರಲ್ಲೂ ಎರಡು ಪ್ರತಿ) ಓದಿದ್ದೇನೆ, ಎಲ್ಲ ಇಲ್ಲೇ.

ಮೊದಲು ಎಡವಿದ್ದು ರಕ್ತದಲ್ಲಿ. ಬೈತಖೋಲದ ಮೀನುಗಾರರೊಬ್ಬರ ಹೆಂಡತಿ ಕೇಳಿದ್ದರು: ‘ತಲೆಯೊಳಗೇ ಅಷ್ಟು ರಕ್ತ ಹೋಗಿದೆ, ಮತ್ತೆ ತೆಗೀತೀರಾ ಡಾಕ್ಟ್ರೇ?’ ಉತ್ತರ ಹೊಳೆಯಲಿಲ್ಲ. ಅವತ್ತಿಂದ ಹೊಸ ಸೂಜಿ ಚುಚ್ಚಿಲ್ಲ. ಮನೆಯವರ ಸಹಿ ಪಡೆದು, ಹಿಮೋಗ್ರಾಂ (ರಕ್ತಕಣ ಎಣಿಸುವ ಪರೀಕ್ಷೆ) ಮುಗಿದ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಉಳಿಯುವ ಅರ್ಧ ಎಂಎಲ್ ತಗೊಳ್ತೇನೆ. ಪಿಸಿಆರ್‌ಗೆ, ಅಂದರೆ ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವುದಕ್ಕೆ, ಧಾರಾಳ ಸಾಕು. ಒಮ್ಮೆ ತಪ್ಪಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಮದ್ದು) ಇರುವ ಹಸಿರು ಮುಚ್ಚಳದವು ಬಂದವು, ಡಿಎನ್‌ಎ ತುಂಡುಗಳು ಗಾತ್ರದಂತೆ ಗೆರೆಗಳಾಗಿ ಕಾಣಬೇಕಾದ ಜೆಲ್ ಪೂರ್ತಿ ಖಾಲಿ. ಹೆಪಾರಿನ್ ಪಿಸಿಆರ್ ಕೆಡಿಸುತ್ತದೆ ಅಂತ ಗೊತ್ತಿದ್ದೂ ಮುಚ್ಚಳ ನೋಡಿರಲಿಲ್ಲ. ಡಿಎನ್‌ಎ ತೆಗೆಯುವುದು ಬರೀ ಉಪ್ಪಿನ ವಿಧಾನದಲ್ಲಿ. ನಾಲ್ಕು ದಿನದ ಹಳೆ ರಕ್ತಕ್ಕೆ ನನ್ನದೊಂದು ಹದ ಇದೆ, ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ದೊಡ್ಡ ಪೆಟ್ಟು ಎನ್ಜೈಮ್ ಕೊಟ್ಟಿತು. ಒಂದು ಜುಲೈಯಲ್ಲಿ ಒಂದೇ ವಾರ ಐದು ಇ2 ಬಂದವು. ನಮ್ಮಲ್ಲಿ ಇ2 ಅಪರೂಪ ಅಲ್ವಾ? ಖುಷಿಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಕರೆಂಟ್ ಹೋಗಿ ಫ್ರೀಜರ್ ಬೆಚ್ಚಗಾಗಿ ಡಿಎನ್‌ಎ ಕತ್ತರಿಸುವ ಎನ್ಜೈಮ್ ಎಚ್‌ಎಚ್‌ಎ-ಒನ್ ಅರ್ಧ ಸತ್ತಿತ್ತು. ಇ3ಯಲ್ಲಿ 48 ಮತ್ತು 35 ಡಿಎನ್‌ಎ ಅಕ್ಷರದುದ್ದದ ತುಂಡು ಬೇರೆಯಾಗದೆ ಅಂಟಿಕೊಂಡೇ ಉಳಿದರೆ, ಇ2ರ ಗುರುತಾದ 83ರ ಗೆರೆ ಕಾಣುತ್ತದೆ. ಆಗ ಇ3 ಕೂಡ ಇ2 ಥರ ಕಾಣುತ್ತದೆ. ಸುಮಾರು 8 ಸಾವಿರ ರೂಪಾಯಿ ನೀರಲ್ಲಿ ಹೋಯಿತು. ಈಗ ಫ್ರೀಜರ್‌ಗೇ ಬೇರೆ ಇನ್ವರ್ಟರ್. ಪ್ರತಿ ಜೆಲ್‌ನಲ್ಲೂ ಗೊತ್ತಿರುವ ಇ3/ಇ3 ಒಂದನ್ನು ಓಡಿಸುತ್ತೇನೆ. ಅದರಲ್ಲಿ 83 ಕಂಡರೆ ಇಡೀ ಜೆಲ್ ಕಸಕ್ಕೆ.

ಸಿಟಿ ಸ್ಕ್ಯಾನಿನಲ್ಲಿ ಬಾವು ಅಳೆಯಲು ಮೊದಲು ಎಬಿಸಿ ಬೈ 2 (ಉದ್ದ, ಅಗಲ, ಎತ್ತರ ಗುಣಿಸಿ ಎರಡರಿಂದ ಭಾಗಿಸುವ ಲೆಕ್ಕ) ಹಿಡಿದೆ. ಗಡ್ಡೆಗೆ ಪರವಾಗಿಲ್ಲ. ಬಾವು ಮಾತ್ರ ಮೊಟ್ಟೆ ಆಕಾರದಲ್ಲಿ ಇರುವುದೇ ಇಲ್ಲ, ಮಿದುಳಿನ ಬಿಳಿ ಭಾಗದ ಉದ್ದಕ್ಕೂ ಬೆರಳು ಚಾಚುತ್ತದೆ. ಈಗ ಒಂದೊಂದೇ ಸ್ಲೈಸ್ ಕೈಯಲ್ಲಿ ಗೆರೆ ಎಳೆದು, ಒಳಗೆ 5ರಿಂದ 33 ಹೌನ್ಸ್‌ಫೀಲ್ಡ್ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಮಾತ್ರ ಎಣಿಸುತ್ತೇನೆ. ಒಬ್ಬರದ್ದಕ್ಕೆ ಮುಕ್ಕಾಲು ಗಂಟೆ. ಎದುರು ಬದಿಯನ್ನೂ ನೋಡಲೇಬೇಕು, ಹಳೆ ಇಸ್ಕೀಮಿಯದ (ರಕ್ತ ಸಾಲದೆ ಹಾಳಾದ ಜಾಗದ) ಕಪ್ಪನ್ನೂ ಬಾವು ಅಂದುಕೊಳ್ಳುವುದು ಸುಲಭ. ಫಿಲ್ಮಿನ ಮೊಬೈಲ್ ಫೋಟೋದಲ್ಲಿ ಏನೂ ಆಗುವುದಿಲ್ಲ, ಸಿಡಿಯೇ ಬೇಕು. ಮೂರನೇ ದಿನದ ಸ್ಕ್ಯಾನಿಗೆ ಮನೆಯವರ ಹತ್ತಿರ ದುಡ್ಡಿಲ್ಲದಾಗ ನಾನೇ ಕೊಟ್ಟಿದ್ದು ಹತ್ತಿರ ಹತ್ತಿರ 40 ಸಾವಿರ.

ನಡುವೆ ಹ್ಯಾಪ್ಟೊಗ್ಲೋಬಿನ್ ಕಡೆಗೂ ಹೋದೆ. ರಕ್ತಕಣ ಒಡೆದು ಚೆಲ್ಲಿದ ಹಿಮೋಗ್ಲೋಬಿನ್ನನ್ನು ಹಿಡಿಯುವುದು ಅದೇ ತಾನೇ. ಅದರ ಜೀನಿಗೆ 1, 2 ಅಂತ ಎರಡು ರೂಪ. ಆದರೆ ನಮ್ಮ ಜನರಲ್ಲಿ 2-2 ಜಾಸ್ತಿ, 1-1 ಸಿಕ್ಕಿದ್ದು ಒಂದೋ ಎರಡೋ. ಹೋಲಿಸುವುದು ಯಾರ ಜೊತೆ? ಉದ್ದ ತುಂಡಿನ ಪಿಸಿಆರ್ ಬೇರೆ, ಹಳೆ ರಕ್ತದಲ್ಲಿ ಅರ್ಧಕ್ಕರ್ಧ ಕೈಕೊಡುತ್ತದೆ.

ಅದೇ ಬೈತಖೋಲದವರನ್ನು ಹುಬ್ಬಳ್ಳಿಗೆ ಕಳಿಸಿದ್ದೆವು. ಅವರ ಹೆಂಡತಿ ಸಿಡಿಯನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಬೆಳಗಿನ ಬಸ್ಸಿಗೆ ಬಂದು ನನ್ನ ಕೈಗೇ ಕೊಟ್ಟರು. ಬಾವು ಮೊದಲ ದಿನದ ಎರಡು ಪಟ್ಟು ದಾಟಿತ್ತು. ಅಪೋ-ಇ ನೋಡಿದರೆ ಬರೀ ಇ3/ಇ3. ಅವರ ಹ್ಯಾಪ್ಟೊಗ್ಲೋಬಿನ್ ನಾಳೆಯ ಜೆಲ್‌ನಲ್ಲಿದೆ.